ಪ್ಯಾಸೇಜಿನ ಹೀಟರು

ಕಂಡವರ ಮನೆಗಳನ್ನೆಲ್ಲ ಬೆಚ್ಚಗಿಡುವುದೇ ಕಸುಬಾಗಿದ್ದ ಇಂಜಿನಿಯರನ ಸ್ವಂತ ಮನೆಯಲ್ಲಿ ಹಿಂದಿನ ಕೋಣೆ ಮಾತ್ರ ಕೊರೆಯುತ್ತಿತ್ತು. ಆ ಕೋಣೆಯಲ್ಲಿದ್ದವರು ಅವನ ಅತ್ತೆ. ಚಳಿಗಾಲದ ಆರಂಭದಲ್ಲಿ ಆಕೆ ಒಮ್ಮೆ ಬಾಯಿಬಿಟ್ಟು, ಕೋಣೆಯಲ್ಲಿ ತುಂಬಾ ಚಳಿ ಎಂದಿದ್ದರು. ಅವನು ಕಂಪ್ಯೂಟರಿನಿಂದ ತಲೆಯೆತ್ತದೆ, "ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ" ಎಂದುಬಿಟ್ಟ. ಅಂದಿನಿಂದ ಅತ್ತೆ ಅಳಿಯನ ಜೊತೆ ಮಾತು ಬಿಟ್ಟರು.

ಮಾತು ನಿಂತರೂ ವ್ಯವಹಾರ ನಿಲ್ಲಲಿಲ್ಲ. ಅತ್ತೆ ತಮ್ಮ ಮಗಳಿಗೆ ಹೇಳುವುದು, ಆಕೆ ಗಂಡನಿಗೆ ದಾಟಿಸುವುದು, ಉತ್ತರ ಅದೇ ದಾರಿಯಲ್ಲಿ ವಾಪಸಾಗುವುದು. ಎಲ್ಲರೂ ಒಂದೇ ಮೇಜಿನ ಸುತ್ತ ಕೂತಿದ್ದರೂ, ಉಪ್ಪಿನ ಡಬ್ಬಿ ಇತ್ತ ಬರಲಿ ಎಂಬ ವಿನಂತಿ ಈ ರಾಜಮಾರ್ಗದಲ್ಲೇ ಸಂಚರಿಸಬೇಕಿತ್ತು. ಹೆಂಡತಿ ದಾರಿಯಲ್ಲಿ ತನ್ನದೂ ಒಂದಿಷ್ಟು ಉಪ್ಪುಖಾರ ಸೇರಿಸುತ್ತಿದ್ದಳು. ಅವಳು ಮುನಿಸಿಕೊಂಡ ದಿನ ಆ ಕೆಲಸ ಇಂಜಿನಿಯರನ ಮಗಳ ಪಾಲಿಗೆ ಬರುತ್ತಿತ್ತು.

ಆಫೀಸಿನಲ್ಲಿ ಅವನು ಒಂದು ಮಹಾಯೋಜನೆಯನ್ನು ಮಂಡಿಸಿದ್ದ. ಗೋಡೆಯ ಮೇಲೆ ಒಂದೇ ಒಂದು ಪೆಟ್ಟಿಗೆ ಹಾಕೋಣ, ಅದರ ಅಪ್ಪಣೆಯಂತೆ ಮನೆಯ ಹೀಟರುಗಳೆಲ್ಲ ನಡೆಯಲಿ ಎನ್ನುವುದು ಪಕ್ಕದ ಮೇಜಿನವನ ವಾದ. ಇಂಜಿನಿಯರನದು ಜಾಲ. ಅದರಲ್ಲಿ ಯಜಮಾನನೇ ಇಲ್ಲ. ಫೋನಿನಿಂದ ಬಂದ ಮಾತನ್ನು ಒಂದು ಹೀಟರು ಪಕ್ಕದ ಹೀಟರಿಗೆ ಹೇಳುತ್ತದೆ, ಅದು ಮುಂದಿನದಕ್ಕೆ ಹೇಳುತ್ತದೆ. ವೈರಿಲ್ಲದೆ ಸುದ್ದಿ ಮೂಲೆಮೂಲೆ ತಲುಪುತ್ತದೆ. ಅಕಸ್ಮಾತ್ ಹೊಸ ಸುದ್ದಿ ಬರದಿದ್ದರೆ, ಹೀಟರು ತಾನು ಕೊನೆಗೆ ಕೇಳಿದ ಮಾತನ್ನೇ ಹಿಡಿದುಕೊಂಡಿರಬೇಕು. ಈ ನಿಯಮದ ಬಗ್ಗೆ ಅವನಿಗೆ ವಿಶೇಷ ಹೆಮ್ಮೆ. (ಇಂಥ ಆಲೋಚನೆ ತನಗೆ ಎಲ್ಲಿಂದ ಹೊಳೆಯಿತೆಂದು ಅವನಿಗೆ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು.)

ಭಾನುವಾರ ಮನೆಗೇ ಬಂದು ನೋಡುತ್ತೇನೆ ಎಂದರು ಮ್ಯಾನೇಜರ್ ಸಾಹೇಬರು. ಜಾಲ ಒಪ್ಪಿಗೆಯಾದರೆ ಇಡೀ ವಿಭಾಗಕ್ಕೆ ಇಂಜಿನಿಯರನೇ ಮುಖ್ಯಸ್ಥ. ಇಲ್ಲವಾದರೆ ಪಕ್ಕದ ಮೇಜಿನವನಿಗೆ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೇಳಬೇಕು.

ಅವನು ಕೋಣೆಗೊಂದರಂತೆ ಹೀಟರು ಇಟ್ಟ, ಅತ್ತೆಯ ಕೋಣೆಗೂ ಸೇರಿಸಿ. ಆ ಕೋಣೆಯ ಗೋಡೆ ಬಲು ದಪ್ಪ. ಅಲ್ಲಿಗೆ ಮಾತು ತಲುಪುವುದಿದ್ದರೆ ಪ್ಯಾಸೇಜಿನ ಹೀಟರಿನ ಮೂಲಕವೇ ತಲುಪಬೇಕು. ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಪೂರ್ತಿ ಕಾವಿಗೆ ಏರಿಸಿದ. ಸಾಹೇಬರ ಕಣ್ಣೆದುರೇ ಒಂದೇ ಬೆರಳಿನಲ್ಲಿ ಇಳಿಸಿ ತೋರಿಸುವ ಯೋಚನೆ. ಮಗಳು ಊಟದ ಮೇಜಿನಲ್ಲೂ ಫೋನು ಒತ್ತುತ್ತಾಳೆಂದು ಎರಡು ಬೈದು, ನಿಶ್ಚಿಂತೆಯಿಂದ ಸ್ನಾನಕ್ಕೆ ಹೋದ.

ಆಗ ಹೆಂಡತಿಯ ಕಣ್ಣು ಪ್ಯಾಸೇಜಿನ ಹೀಟರಿನ ಮೇಲೆ ಬಿತ್ತು. ಅದಕ್ಕಿನ್ನೂ ಮೇಲಿನ ಕವಚ ತಯಾರಾಗಿರಲಿಲ್ಲ, ವೈರುಗಳೆಲ್ಲ ಹೊರಗೆ ಜೋತಾಡುತ್ತಿದ್ದವು. ಬಂದವರು ಮನೆಯೊಡತಿಯ ಬಗ್ಗೆ ಏನೆಂದುಕೊಂಡಾರು? ಪ್ಲಗ್ ಕಿತ್ತು, ಅದನ್ನು ಚಪ್ಪಲಿಗಳ ಬೀರುವಿಗೆ ತಳ್ಳಿ, ಆ ಜಾಗದಲ್ಲಿ ಹೂದಾನಿ ಇಟ್ಟಳು. ಹಾಗಂತ ಅವಳೇನು ಹೊಣೆಗೇಡಿಯಲ್ಲ. ಬೇಕರಿಗೆ ಹೊರಡುವ ಗಡಿಬಿಡಿಯಲ್ಲೂ, "ಅವರು ಸ್ನಾನ ಮುಗಿಸಿ ಬಂದ್ರೆ ಹೇಳಮ್ಮ, ಹೀಟರ್ ಬೀರುವಿನಲ್ಲಿದೆ, ಬೇಕಾದ್ರೆ ತಗೊಳ್ಳಲಿ" ಎಂದು ತಾಯಿಗೆ ಹೇಳಿಯೇ ಹೋದಳು.

ಅತ್ತೆಯೂ ಹೊಣೆಗೇಡಿಯಲ್ಲ. ಅಳಿಯನ ಜೊತೆ ಮಾತಿಲ್ಲವಲ್ಲ, ಹಾಗಾಗಿ ಮೊಮ್ಮಗಳಿಗೆ ಹೇಳಿದರು. ಮೊಮ್ಮಗಳು ಬೆಳಿಗ್ಗೆ ಬೈಸಿಕೊಂಡ ಮೇಲೆ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಸುದ್ದಿ ಅವಳಲ್ಲೇ ಉಳಿಯಿತು. ಸ್ನಾನ ಮುಗಿಸಿ ಬಂದ ಇಂಜಿನಿಯರ್ ಹೂದಾನಿಯನ್ನು ನೋಡಿದ. (ಚೆನ್ನಾಗಿದೆ ಎಂದೂ ಅಂದುಕೊಂಡ.)

ಸಾಹೇಬರು ಬಂದು ಹಾಲ್‌ನಲ್ಲಿ ಕೂತರು. ಇಂಜಿನಿಯರ್ ಜಾಲದ ಗುಣಗಾನ ಮಾಡಿ ಫೋನು ಒತ್ತಿದ. ಹಾಲ್ ತಣ್ಣಗಾಯಿತು, ಅಡುಗೆಮನೆ ತಣ್ಣಗಾಯಿತು. ಫೋನಿನ ಪರದೆಯಲ್ಲಿ ಹಿಂದಿನ ಕೋಣೆಯ ಹೆಸರಿನ ಎದುರು ಮಾತ್ರ ಒಂದು ಪ್ರಶ್ನೆಚಿಹ್ನೆ ಕೂತಿತ್ತು. ಅಷ್ಟರಲ್ಲಿ ಆ ಕೋಣೆಯ ಬಾಗಿಲು ತೆರೆಯಿತು. ಮುಖ ಕೆಂಪಗಾದ ಅತ್ತೆ, ಕಳಚಿದ ಸ್ವೆಟರನ್ನು ತೋಳಿನ ಮೇಲೆ ಹಾಕಿಕೊಂಡು, ವಾರಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ ಬಂದರು. ಅಳಿಯನನ್ನು ದಾಟಿ ಸಾಹೇಬರ ಎಡಗಡೆ ಕೂತರು.

"ಪಕ್ಕದಲ್ಲಿ ಕೂತಿರೋರಿಗೆ ಒಂದು ಮಾತು ಹೇಳ್ತೀರಾ ಸಾರ್? ನನ್ನ ಕೋಣೆ ಒಲೆ ಆಗಿದೆ."

ಸಾಹೇಬರು ಬಲಕ್ಕೆ, ಇಂಜಿನಿಯರನತ್ತ ತಿರುಗಿದರು. "ಅವರ ಕೋಣೆ ಒಲೆ ಆಗಿದೆಯಂತೆ."

"ಪ್ಯಾಸೇಜಿನ ಹೀಟರಿಗೆ ಏನೋ ಆಗಿರಬೇಕು ಅಂತ ಹೇಳಿ ಸಾರ್."

ಸಾಹೇಬರು ಎಡಕ್ಕೆ ತಿರುಗಿ ಹೇಳಿದರು.

"ಅದು ಬೀರುವಿನಲ್ಲಿದೆ ಅಂತ ಬೆಳಿಗ್ಗೆನೇ ಹೇಳಿಕಳಿಸಿದ್ದೆ ಅನ್ನಿ."

ಸಾಹೇಬರ ಕತ್ತು ಅರ್ಧ ದಾರಿಯಲ್ಲಿ ನಿಂತಿತು. ಯಾರ ಹತ್ತಿರ ಹೇಳಿಕಳಿಸಿದ್ದು ಎಂದು ಕೇಳಿದರು. ಮೂಲೆಯಲ್ಲಿದ್ದ ಮೊಮ್ಮಗಳು ಫೋನಿನಿಂದ ಕಣ್ಣು ತೆಗೆಯದೆ, ತಾನು ಅಪ್ಪನ ಹತ್ತಿರ ಮಾತಾಡುತ್ತಿಲ್ಲ ಎಂದು ವಿವರಿಸಿದಳು. ಸಾಹೇಬರು ಟೀ ಕುಡಿದು, ಹೂದಾನಿ ಚೆನ್ನಾಗಿದೆ ಎಂದು ಹೇಳಿ ಹೊರಟುಹೋದರು.

ಸೋಮವಾರ ಪೆಟ್ಟಿಗೆಯೇ ಗೆದ್ದಿತು. ಅದನ್ನು ಮೊದಲು ಇಂಜಿನಿಯರನ ಮನೆಯಲ್ಲೇ ಪರೀಕ್ಷಿಸಬೇಕೆಂದೂ, ದಿನವಿಡೀ ಮನೆಯಲ್ಲಿರುವವರ ಕೋಣೆಯಲ್ಲಿ ಹಾಕಬೇಕೆಂದೂ ಅಪ್ಪಣೆಯಾಯಿತು. ಪಕ್ಕದ ಮೇಜಿನವನೇ ಬಂದು ಅತ್ತೆಯ ಹಾಸಿಗೆಯ ಪಕ್ಕ ಅದನ್ನು ಕೂರಿಸಿ, ಅಲ್ಲಿಂದ ಎಲ್ಲ ಹೀಟರುಗಳಿಗೂ ವೈರೆಳೆದು, ಯಾವ ಗುಂಡಿ ಯಾವುದಕ್ಕೆ ಎಂದು ಹೇಳಿಕೊಟ್ಟ. ಹಿಂದಿನ ಕೋಣೆ ಹದವಾಗಿ ಬೆಚ್ಚಗಾಯಿತು. ಹಾಲ್‌ಗೆ ಅಷ್ಟೊಂದು ಕಾವು ಬೇಕೆಂದು ಅತ್ತೆಗೆ ಅನ್ನಿಸಲಿಲ್ಲ.

ಒಂದು ಸಂಜೆ ಹೆಂಡತಿ, ಮಗಳು ಇಬ್ಬರೂ ಹೊರಗೆ ಹೋಗಿದ್ದರು. ಇಂಜಿನಿಯರ್ ಹಾಲ್‌ನಲ್ಲಿ ಹಲ್ಲು ಕಟಕಟ ಎನ್ನಿಸುತ್ತ, ಹೇಳಿಕಳಿಸಲು ಯಾರಾದರೂ ಬರುತ್ತಾರೇನೋ ಎಂದು ಕಾದ. ಯಾರೂ ಬರಲಿಲ್ಲ. ಕೊನೆಗೆ ಎದ್ದು, ಹೂದಾನಿಯನ್ನು ದಾಟಿ, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ. ಇಂಥ ಚಳಿಯಲ್ಲಿ ಆ ಮುದುಕಿ ಅಷ್ಟು ದಿನ ಹೇಗೆ ಮಲಗಿದರೋ ಎಂದು ಅವನಿಗೆ ಮೊಟ್ಟಮೊದಲ ಬಾರಿಗೆ ಅನ್ನಿಸಿತು. ನಾಚಿಕೆಯೂ ಆಯಿತು.

"ಅತ್ತೆ, ಹಾಲ್‌ನಲ್ಲಿ ತುಂಬಾ ಚಳಿ" ಎಂದ.

ಅತ್ತೆ ವಾರಪತ್ರಿಕೆಯಿಂದ ತಲೆಯೆತ್ತಲಿಲ್ಲ.

"ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ."

ಅವನದೇ ಮಾತು, ನಡುವೆ ಯಾರ ಬಾಯಿಯನ್ನೂ ಹಾಯದೆ, ಒಂದಕ್ಷರವೂ ಆಚೀಚೆಯಾಗದೆ ಅವನನ್ನು ತಲುಪಿತ್ತು. ಹೊಸ ಸುದ್ದಿ ಬರುವವರೆಗೆ ಕೊನೆಗೆ ಕೇಳಿದ್ದನ್ನೇ ಹಿಡಿದುಕೊಂಡಿರಬೇಕೆಂಬ ನಿಯಮವೂ ಅವನದೇ. ಅವನು ಹೋಗಿ ಸ್ವೆಟರ್ ಹಾಕಿಕೊಂಡ.