ಒಂಟಿಕೊಪ್ಪಲಿನಲ್ಲಿ ಕೂತು ಕಡಲು ಕಾಯ್ದವರು

ಒಂಟಿಕೊಪ್ಪಲಿನಲ್ಲಿ ಕೂತು ಅರಬ್ಬಿ ಸಮುದ್ರವನ್ನು ತಡೆಯಬಲ್ಲೆ ಎಂದು ನಂಬಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ಸೋದರಮಾವ! ಮೈಸೂರಿಗೂ ಸಮುದ್ರಕ್ಕೂ ಏನು ಸಂಬಂಧ ಸ್ವಾಮಿ? ನಮಗೆ ಅಲೆ ಅಂದರೆ ಗಾಳಿ ಬೀಸಿದಾಗ ಕುಕ್ಕರಹಳ್ಳಿ ಕೆರೆಯಲ್ಲಿ ಕಾಣುವುದು, ಅಷ್ಟೇ.

ಮಾವನಿಗೆ ಮಾತ್ರ ಸಂಬಂಧವಿತ್ತು. ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಇದ್ದದ್ದು ಉಳ್ಳಾಲದ ಕಡಲ ದಂಡೆಯ ಮನೆಯಲ್ಲಿ. ಪ್ರತಿ ಮಳೆಗಾಲವೂ ಸಮುದ್ರ ಒಂದೆರಡು ತೆಂಗಿನ ಮರ ನುಂಗಿ ಮನೆಯ ಕಡೆಗೆ ಜರುಗುತ್ತಿತ್ತು. ಹೊಗೆ ಹೆಚ್ಚಿ ಭೂಮಿ ಕಾದರೆ ಹಿಮ ಕರಗಿ ಸಮುದ್ರ ಏರುತ್ತದೆ ಎಂದು ಮಾವ ಪೇಪರಿನಲ್ಲಿ ಓದಿದರು. ನಾವೂ ಓದಿದೆವು. ಓದಿ, ಪೇಪರ್ ಮಡಚಿಟ್ಟು ದೋಸೆ ತಿಂದೆವು. ಮಾವ ಸ್ಕೂಟರ್ ಮಾರಿ ಸೈಕಲ್ ತಂದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ! ಸಿಗ್ನಲ್ಲಿನಲ್ಲಿ ನಿಂತ ಕಾರುಗಳ ಗಾಜು ತಟ್ಟಿ, "ಸ್ವಲ್ಪ ಇಂಜಿನ್ ಆಫ್ ಮಾಡ್ರೀ, ನಮ್ಮಕ್ಕನ ಮನೆಗೆ ನೀರು ನುಗ್ತಾ ಇದೆ" ಅನ್ನುತ್ತಿದ್ದರು. ಒಬ್ಬ ಪುಣ್ಯಾತ್ಮ ಗಾಬರಿಯಾಗಿ ಪ್ಲಂಬರ್ ನಂಬರ್ ಕೊಟ್ಟ. ಮಾವ ಅದನ್ನೂ ಬಿಡಲಿಲ್ಲ. ಆ ಪ್ಲಂಬರಿಗೇ ಫೋನ್ ಮಾಡಿ, ಬೈಕ್ ಬಿಟ್ಟು ಸೈಕಲ್ ತುಳಿಯಪ್ಪಾ ಎಂದು ಅರ್ಧ ಗಂಟೆ ಕೊರೆದರು!

ಬೀದಿಯಲ್ಲಿ ಯಾರಾದರೂ ಒಣಗಿದ ಎಲೆ ಗುಡ್ಡೆ ಹಾಕಿ ಬೆಂಕಿಪೊಟ್ಟಣ ತೆಗೆದರೆ ಸಾಕು, ಮಾವ ಗೋಣಿಚೀಲ ಹಿಡಿದು ಹಾಜರ್. ಗೊಬ್ಬರ ಮಾಡುತ್ತೇನೆಂದು ಹೊತ್ತು ತಂದ ಎಲೆ ಹಿತ್ತಲು ತುಂಬಿ ಬಚ್ಚಲ ಬಾಗಿಲಿಗೆ ಬಂತು. "ನಿಮ್ಮಕ್ಕ ಸಮುದ್ರದಲ್ಲಿ ಮುಳುಗ್ತಾರೋ ಇಲ್ವೋ, ನಾನಂತೂ ಎಲೇಲಿ ಮುಳುಗ್‌ಬುಟ್ಟೆ ಕಣ್ರೀ" ಎಂದರು ಅತ್ತೆ.

ಆಯುಧಪೂಜೆಯ ದಿನದ ಕಥೆ ಹೇಳದಿದ್ದರೆ ಹೇಗೆ? ಪೂಜೆಯಾದ ಮೇಲೆ ಗಾಡಿ ಸ್ಟಾರ್ಟ್ ಮಾಡಿ ನಿಂಬೆಹಣ್ಣಿನ ಮೇಲೆ ಹತ್ತಿಸುವುದು ಎಲ್ಲರ ಮನೆಯ ಪದ್ಧತಿ. ನಾನು ಕಾರಿನ ಕೀಲಿ ತೆಗೆದಾಗ ಮಾವ ತಡೆದರು. "ನಾಲ್ಕು ನಿಂಬೆಹಣ್ಣಿಗೆ ಇಂಜಿನ್ ಯಾಕೋ? ತಳ್ಳಿದ್ರಾಯ್ತು!"

ತಳ್ಳಿದೆವು. ಬೀದಿ ಇಳಿಜಾರು ಎಂಬುದನ್ನು ಮಾವ ಮರೆತಿದ್ದರು, ಬ್ರೇಕ್ ಹಾಕಲು ಒಳಗೆ ಯಾರೂ ಇಲ್ಲ ಎಂಬುದನ್ನು ನಾನು ಮರೆತಿದ್ದೆ. ಕಾರು ನಮ್ಮ ನಿಂಬೆಹಣ್ಣು ತುಳಿದು, ಪಕ್ಕದ ಮನೆಯ ಬೂದುಗುಂಬಳ ಒಡೆದು, ಅದರಾಚೆ ಮನೆಯ ಬಾಳೆಕಂದನ್ನು ಅಪ್ಪಿಕೊಂಡು ನಿಂತಿತು. "ನೋಡಿದ್ಯಾ? ಒಂದು ತೊಟ್ಟು ಪೆಟ್ರೋಲಿಲ್ದೆ ಮೂರು ಮನೆ ಪೂಜೆ!" ಎಂದರು ಮಾವ.

ಹಾಗೆಂದು ಅವರಿಂದ ನಮಗೆ ನಷ್ಟವೇನೂ ಆಗಲಿಲ್ಲ. ಬೀದಿಯಲ್ಲಿ ಎಲೆ ಸುಡುವುದು ನಿಂತುಹೋಯಿತು. ಚಳಿಗಾಲ ಬಂತೆಂದರೆ ಗೊರಗೊರ ಅನ್ನುತ್ತಿದ್ದ ನನ್ನ ಎದೆ ಹಗುರಾಯಿತು. ಒಂದು ದಿನವಾದರೂ ಅವರಿಗೆ ಅದನ್ನು ಹೇಳಿದೆನೇ? ನಗುವುದರಲ್ಲೇ ಪುರುಸೊತ್ತಿರಲಿಲ್ಲ.

ಹೋದ ಮಳೆಗಾಲ ದೊಡ್ಡಮ್ಮನ ಅಡುಗೆಮನೆಯ ಗೋಡೆ ಸಮುದ್ರಕ್ಕೆ ಬಿತ್ತು. ವಾರದೊಳಗೆ ಉಳಿದ ಮನೆಯೂ ಹೋಯಿತು. ಎರಡು ಬ್ಯಾಗು ಹಿಡಿದು ಅವರು ಮಾವನ ಮನೆಗೆ ಬಂದಿಳಿದಾಗ ನಾವೆಲ್ಲ ಗೇಟಿನಲ್ಲಿದ್ದೆವು. ಮಾವ ಬಗ್ಗಿ ಅಕ್ಕನ ಕಾಲು ಮುಟ್ಟಿದರು.

"ತಪ್ಪಾಯ್ತು ಅಕ್ಕ. ನನ್ ಕೈಲಿ ಆಗ್ಲಿಲ್ಲ."

ಸಮುದ್ರವನ್ನು ಯಾರೋ ಇವರ ಸುಪರ್ದಿಗೆ ಒಪ್ಪಿಸಿದ್ದರೇನೋ ಅನ್ನುವ ಹಾಗೆ! ನಮಗೆ ಯಾರಿಗೂ ನಗು ಬರಲಿಲ್ಲ. ದೊಡ್ಡಮ್ಮ ತಮ್ಮನ ತಲೆಯ ಮೇಲೆ ಕೈಯಿಟ್ಟರು.

"ಸುಮ್ನಿರೋ. ಸಮುದ್ರ ಬರ್ತದೆ, ಮನೆ ಬಿಡು ಅಂತ ಎಲ್ರೂ ನಂಗೆ ಹೇಳಿದ್ರು. ಬರಬೇಡ ಅಂತ ಅದಕ್ಕೆ ಅಡ್ಡ ನಿಂತೋನು ನೀನೊಬ್ನೇ ಕಣೋ."

ಹಬ್ಬವಲ್ಲ, ಹುಣ್ಣಿಮೆಯಲ್ಲ. ಆದರೂ ಅವತ್ತು ಗೇಟಿನಲ್ಲೇ ನಾನು ಮಾವನ ಕಾಲಿಗೆ ಬಿದ್ದೆ.