ಮಾವನವರ ಎದೆಗೆ ಬ್ಯಾಟರಿ

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಮುಂದಿನ ವಿದ್ಯೆಯನ್ನೆಲ್ಲ ಶಿಕಾರಿಪುರದ ಅಕ್ಕಿ ಮಿಲ್ಲಿನ ಆಯಿಲ್ ಇಂಜಿನ್ ಕಲಿಸಿ, ನನ್ನನ್ನು ಅಲ್ಲಿನ ಮೇಸ್ತ್ರಿ ಮಾಡಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ತಾಗಿಸಿ, ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ಒಳಗೆ ಯಾವ ಭಾಗ ನರಳುತ್ತಿದೆ ಎಂದು ಹೇಳಬಲ್ಲೆ. ಹೀಗಿರುವಾಗ ಹೊಸಬಾಳೆಯ ನಮ್ಮ ಮಾವನವರಿಗೆ ಹೃದಯ ದುರ್ಬಲವಾಗಿದೆ ಎಂದು ಕೇಳಿ ನಾನು ಹೆದರಲಿಲ್ಲ. ಅದೂ ಒಂದು ಪಂಪೇ ತಾನೆ?

ಮಾವನವರ ಕಾಲು ಊದಿಕೊಂಡಿತ್ತು. ಬಾವಿಯವರೆಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ನಮ್ಮೂರಿನ ಡಾಕ್ಟರು ನಾಡಿ ಹಿಡಿದು, ‘ಬಡಿತ ನಿಧಾನ, ತಳ್ಳುವ ಶಕ್ತಿ ಕಡಿಮೆ. ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತಿದೆ. ಮಾತ್ರೆ ತಪ್ಪಿಸಬೇಡಿ, ಉಪ್ಪು ಮುಟ್ಟಬೇಡಿ’ ಎಂದರು. ಮಾವನವರು ಜೀವ ಬಿಟ್ಟಾರು, ಮಿಡಿ ಉಪ್ಪಿನಕಾಯಿ ಬಿಡುವವರಲ್ಲ. ಆದರೂ ಮಗಳ ಕಣ್ಣೀರಿಗೆ ಸೋತು ಒಂದು ತಿಂಗಳು ಬಿಟ್ಟರು. ಊತ ಇಳಿಯಿತು. ಎಲ್ಲವೂ ಸರಿಹೋಗುತ್ತಿತ್ತು.

ಆಗ ನಾನು ಪೇಪರು ಓದಿದೆ.

ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಆ ಸುದ್ದಿ ಕಣ್ಣಿಗೆ ಬಿತ್ತು. ದೂರದ ಯಾವುದೋ ದೇಶದಲ್ಲಿ ಡಾಕ್ಟರುಗಳು ನಿಧಾನವಾದ ಹೃದಯವೊಂದನ್ನು ಬಡಿಸಲು ರೋಗಿಯ ಮೈಯೊಳಗೇ ಬ್ಯಾಟರಿಯ ಪುಟ್ಟ ಯಂತ್ರ ಇಟ್ಟು ಹೊಲಿದರಂತೆ. ಮೂರು ಸಲ ಓದಿದೆ. ಅರ್ಧ ಗಡ್ಡದಲ್ಲೇ ಎದ್ದು, ಪೇಪರನ್ನು ಕೇಳಿ ಪಡೆದು ಮನೆಗೆ ನಡೆದೆ.

ಯಂತ್ರದ ಅಳತೆಯನ್ನು ಪೇಪರಿನವರು ಕೊಟ್ಟಿರಲಿಲ್ಲ. ಯಂತ್ರವನ್ನು ಡಾಕ್ಟರು ತರಿಸಲಿ, ಬ್ಯಾಟರಿಯ ಹೊಣೆ ನನ್ನದು ಎಂದು ತೀರ್ಮಾನಿಸಿ, ಆ ಕಾಲದಲ್ಲಿ ರೇಡಿಯೋಗೆ ಹಾಕುತ್ತಿದ್ದ ಬ್ಯಾಟರಿಯೊಂದನ್ನು ಕೊಂಡೆ. ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರ. ಚಿಕ್ಕದು ತಂದರೆ ಪದೇ ಪದೇ ಎದೆ ಬಿಚ್ಚಿ ಬದಲಾಯಿಸಬೇಕಾದೀತು ಎಂಬ ದೂರಾಲೋಚನೆ. ಮಿಲ್ಲಿನ ರಜೆಯ ದಿನ ಹೆಂಡತಿ ಗಿರಿಜಮ್ಮನನ್ನೂ ಬ್ಯಾಟರಿಯನ್ನೂ ಬಸ್ಸಿಗೆ ಹತ್ತಿಸಿ ಹೊಸಬಾಳೆಗೆ ಹೊರಟೆ.

ಜಗಲಿಯ ಮೇಲಿದ್ದ ಮಾವನವರು ನನ್ನ ಕಂಕುಳಲ್ಲಿದ್ದದ್ದನ್ನು ನೋಡಿ ಹಿಗ್ಗಿದರು.

‘ಎಂತ ಅಳಿಯಂದ್ರೇ, ರೇಡಿಯೋ ತಂದ್ರಾ?’

‘ರೇಡಿಯೋ ಅಲ್ಲ ಮಾವ. ನಿಮ್ಮ ಎದಿಯಾಗೆ ಇಡೋ ಬ್ಯಾಟ್ರಿ.’

ಪೇಪರನ್ನು ಓದಿ ಹೇಳಿದೆ. ಮಾವನವರು ಬ್ಯಾಟರಿಯನ್ನೊಮ್ಮೆ, ತಮ್ಮ ಎದೆಯನ್ನೊಮ್ಮೆ ನೋಡಿಕೊಂಡರು.

‘ಇದು ಒಳಗೆ ಹೋದ್ರೆ ನಾ ಎಲ್ಲಿರ್ಲಿ ಮಾರಾಯ್ರೆ?’

‘ಹೊಟ್ಟಿ ಕಡಿ ಜಾಗ ಐತಿ’ ಎಂದು ಧೈರ್ಯ ಹೇಳಿ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಅವರ ಎದೆಗೆ ಮೆಲ್ಲನೆ ತಾಗಿಸಿ, ಹಿಡಿಗೆ ಕಿವಿ ಕೊಟ್ಟೆ.

‘ರೀ, ತೆಗೀರಿ ಅದನ್ನ’ ಎಂದಳು ಗಿರಿಜಮ್ಮ. ‘ನಮ್ಮಪ್ಪನ್ನೂ ಮಿಲ್ಲು ಮಾಡ್ಕಂಡ್ರಾ?’

ನಾನು ಲೆಕ್ಕಿಸಲಿಲ್ಲ. ಇದು ಒಂದು ವಾರದ ಕೆಲಸ, ಕೂರಿಸಿದ ಮೇಲೆ ಮಾವನವರು ಗುಡವಿ ಕೆರೆಯವರೆಗೆ ನಡೆದೇ ಹೋಗಬಹುದು ಎಂದು ಜಗಲಿಯಿಂದ ಘೋಷಿಸಿದೆ. ಅದನ್ನು ಮಾವನವರು ಪೂರ್ತಿ ನಂಬಿದರು. ಅನಾಹುತ ಅಲ್ಲೇ ಆಯಿತು.

‘ಹಂಗಾರೆ ಇವಳೇ, ಆ ಮಿಡಿ ಭರಣಿ ತಗಂಬಾ’ ಎಂದು ಅತ್ತೆಯನ್ನು ಕೂಗಿದರು.

‘ಡಾಕ್ಟ್ರು ಉಪ್ಪು ಬ್ಯಾಡ ಅಂದಿದ್ರಲ?’

‘ಅವ್ರು ಹೇಳಿದ್ದು ಈ ಎದೆಗೆ. ಇದಕ್ಕೆ ಹೆಂಗೂ ಬ್ಯಾಟ್ರಿ ಬಂತಲ.’

ಅತ್ತೆ ನನ್ನ ಮುಖ ನೋಡಿದರು. ಯಂತ್ರ ಬಲ್ಲವನಾದ ನಾನು ತಲೆಯಾಡಿಸಿದೆ. ‘ಒಂದು ವಾರಕ್ಕೆ ಏನೂ ಆಗಲ್ಲ ಬಿಡ್ರಿ ಅತ್ತೆ.’ ಭರಣಿ ಬಂತು. ನಾನೂ ಎರಡು ಮಿಡಿ ತಿಂದೆ.

ವಾರ ತುಂಬುವ ಮೊದಲೇ ಮಾವನವರು ಬ್ಯಾಟರಿಯ ಸಮೇತ ಬಾಡಿಗೆ ಕಾರಿನಲ್ಲಿ ಶಿಕಾರಿಪುರದ ಆಸ್ಪತ್ರೆಗೆ ಬಂದರು. ಕಾಲು ಒನಕೆಯಂತಾಗಿತ್ತು. ಒರಗಲೂ ಆಗದೆ, ಕೂತೇ ಒಂದೊಂದು ಉಸಿರನ್ನೂ ಎಳೆಯುತ್ತಿದ್ದರು. ಅದನ್ನು ಕೇಳಲು ಸ್ಕ್ರೂಡ್ರೈವರ್ ಬೇಕಿರಲಿಲ್ಲ. ಬಾಗಿಲ ಆಚೆಗೂ ಕೇಳಿಸುತ್ತಿತ್ತು.

ಡಾಕ್ಟರು ನೀರಿಳಿಸುವ ಇಂಜೆಕ್ಷನ್ ಕೊಟ್ಟು ಹೊರಗೆ ಬಂದರು.

‘ಉಪ್ಪು ತಿನ್ನಿಸಿದ್ದು ಯಾರು?’

ಗಿರಿಜಮ್ಮ ನನ್ನ ಕಡೆ ನೋಡಿದಳು. ನಾನು ಕಾರಿನಿಂದ ಇಳಿಸಿಕೊಂಡಿದ್ದ ಬ್ಯಾಟರಿಯನ್ನೂ ಪೇಪರನ್ನೂ ಅವರ ಮೇಜಿನ ಮೇಲಿಟ್ಟೆ. ಡಾಕ್ಟರು ಪೇಪರನ್ನು ಪೂರ್ತಿ ಓದಿದರು. ಬ್ಯಾಟರಿಯನ್ನು ಎತ್ತಲು ನೋಡಿ, ಬಿಟ್ಟರು.

‘ಸುದ್ದಿ ನಿಜ ಮೇಸ್ತ್ರಿ. ಆ ಯಂತ್ರ ಅಂಗೈಯಲ್ಲಿ ಹಿಡಿಸೋ ಅಷ್ಟಿರುತ್ತೆ. ಒಂದು ದಿನ ಇಲ್ಲಿಗೂ ಬಂದೀತು. ಅಲ್ಲೀವರೆಗೆ ನಿಮ್ಮ ಮಾವ ಇರಬೇಕಲ್ಲ?’

ನಾನು ಬ್ಯಾಟರಿಯನ್ನು ಮೇಜಿನಿಂದ ಕೆಳಗಿಳಿಸಿದೆ.

‘ನಿಮ್ಮ ಇಂಜಿನ್ ಸೋತಿದ್ದರೆ ಮೊದಲು ಏನು ಮಾಡ್ತೀರಿ?’

‘ಲೋಡು ಇಳಿಸ್ತೀನಿ.’

‘ಆ ಉಪ್ಪೇ ಲೋಡು ಕಣ್ರೀ.’

ನಾಲ್ಕನೇ ಕ್ಲಾಸಿನ ಮೇಷ್ಟ್ರು ಕೂಡ ನನಗೆ ಇಷ್ಟು ಸ್ಪಷ್ಟವಾಗಿ ಏನನ್ನೂ ಕಲಿಸಿರಲಿಲ್ಲ.

ಮೂರು ದಿನಕ್ಕೆ ಉಸಿರು ಹದಕ್ಕೆ ಬಂತು. ಆಸ್ಪತ್ರೆ ಹತ್ತಿರವಿರಲಿ ಎಂದು ಮಾವನವರನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡೆವು. ಮೊದಲ ಊಟಕ್ಕೇ ಅವರು ತಟ್ಟೆ ದೂಡಿದರು. ‘ಒಬ್ಬನೇ ಸಪ್ಪೆ ಉಣ್ಣಾಕೆ ನಾ ಎಂತ ತಪ್ಪು ಮಾಡಿದೀನಿ?’ ತಪ್ಪು ಯಾರದೆಂದು ಗಿರಿಜಮ್ಮನಿಗೆ ಗೊತ್ತಿತ್ತು. ಅಂದಿನಿಂದ ಮಾವನವರಿಗೂ ನನಗೂ ಒಂದೇ ಪಾತ್ರೆಯ ಸಾರು.

ಬ್ಯಾಟರಿಯನ್ನು ಎಸೆಯಲು ಮಾವನವರು ಬಿಡಲಿಲ್ಲ. ಅದು ಅವರ ಮಂಚದ ಕೆಳಗೆ ಕೂತಿತು. ನೋಡಲು ಬಂದವರು ಇದೇನೆಂದು ಕೇಳಿದಾಗಲೆಲ್ಲ ಅವರು ಬಹಳ ಗಂಭೀರವಾಗಿ ಹೇಳುತ್ತಿದ್ದರು:

‘ನನ್ನ ಎದೆ ಬ್ಯಾಟ್ರಿ. ಸಾಮಾನು ಬಂದು ಕೂತದೆ. ಜೋಡ್ಸೋಕೆ ತಿಳಿದೋರು ಯಾರಾರೂ ಸಿಗ್ತಾರಾ ಅಂತ ಕಾಯ್ತಾ ಇದೀವಿ.’

ಎದುರಿನ ತಟ್ಟೆಯಲ್ಲಿ, ಇಡೀ ಶಿಕಾರಿಪುರಕ್ಕೆ ಹೆಸರಾದ ಮಿಲ್ ಮೇಸ್ತ್ರಿ ಸಪ್ಪೆ ಸಾರು ಕಲಸಿಕೊಳ್ಳುತ್ತಿದ್ದ.