ನಾಲ್ಕು ಹೊಳೆಯ ಮೀನೂ ನನ್ನ ಒದ್ದೆ ಬಟ್ಟೆಯೂ

ಕೆಲವರಿಗೆ ಕಾಫಿಯ ಚಟ, ಕೆಲವರಿಗೆ ಮೊಬೈಲಿನ ಚಟ. ನನಗೆ ಒರೆಸುವ ಚಟ. ಒಂದು ಒದ್ದೆ ಬಟ್ಟೆ ಕೈಗೆ ಸಿಕ್ಕಿತೆಂದರೆ ಎದುರಿಗಿರುವ ಯಾವ ವಸ್ತುವೂ ಪಾರಾಗುವುದಿಲ್ಲ. ನೆಂಟರ ಮನೆಗೆ ಹೋದರೂ ಮಾತಾಡುತ್ತಲೇ ಅವರ ಟೀಪಾಯಿ ಒರೆಸಿಟ್ಟು ಬಂದಿರುತ್ತೇನೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ ಫೋನ್ ನಂಬರುಗಳನ್ನೆಲ್ಲ ಒಂದೇ ಬೆಳಿಗ್ಗೆ ಒರೆಸಿ ಹಾಕಿ, ಅವರ ಹಾರ್ಡ್‌ವೇರ್ ಅಂಗಡಿಗೆ ಎರಡು ವಾರ ಪೈಪುಗಳೇ ಬರದ ಹಾಗೆ ಮಾಡಿದವಳು ನಾನು. ಆ ಪಾಪಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಅಂದಿನಿಂದ ಎಲ್ಲವನ್ನೂ ಬರೆದಿಡುವ ಅಭ್ಯಾಸವನ್ನೂ ಬೆಳೆಸಿಕೊಂಡೆ. ಅಡುಗೆಮನೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ನನ್ನ ಕೈಬರಹವಿದೆ: ಸಿಲಿಂಡರ್ ಹಚ್ಚಿದ್ದು, ಮಾವಿನಕಾಯಿ ಉಪ್ಪಿಗೆ ಹಾಕಿದ್ದು, ಸಂಪು ತೊಳೆಸಿದ್ದು. ಆದರೆ ಹೋದ ವರ್ಷದ ಒಂದು ಭಾನುವಾರದ ಚೌಕದಲ್ಲಿ ‘ಫ್ರಿಜ್ ಕ್ಲೀನ್ ಆಯಿತು’ ಎಂದಷ್ಟೇ ಇದೆ. ಇಪ್ಪತ್ತೈದು ವರ್ಷದಲ್ಲಿ ನಾನು ಬರೆದ ಅತಿ ದೊಡ್ಡ ಸುಳ್ಳು ಅದು.

ಇಟ್ಟಮಡುವಿನ ನಮ್ಮ ಮನೆಯ ಗೇಟಿಗೆ ‘ಮಹಡಿ ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿದೆ. ‘ಮಾತ್ರ’ ಎನ್ನುವುದಕ್ಕೆ ನಮ್ಮತ್ತೆ ಕೆಂಪು ಬಣ್ಣ ಹೊಡೆಸಿದ್ದಾರೆ. ಲಿಂಗಪೂಜೆ ಮುಗಿಸದೆ ಒಂದು ಗುಟುಕು ನೀರೂ ಕುಡಿಯದ ಎಂಬತ್ತರ ಜೀವ. ಮನೆ ಕೇಳಿಕೊಂಡು ಬಂದವರ ವಿಚಾರಣೆ ಅವರದೇ. ಊರು ಯಾವುದು, ಮನೆತನದ ಬೆಡಗು ಯಾವುದು, ಅಜ್ಜಿಯ ತವರು ಯಾವ ಕಡೆ ಎಂದು ಮೂರು ತಲೆಮಾರು ಜಾಲಾಡಿದ ಮೇಲೆಯೇ ಬೀಗದ ಕೈ ಕೊಡುವುದು. ದೀಪಾ ಬಂದಾಗಲೂ ಅಷ್ಟೇ. ಹಿರಿಯೂರು ಕಡೆಯ ಹುಡುಗಿ, ಹಣೆಯ ಮೇಲೆ ತೆಳ್ಳಗೆ ವಿಭೂತಿ, ಮೊಟ್ಟೆ ಹಾಕಿದ ಕೇಕನ್ನೂ ತಿನ್ನುವುದಿಲ್ಲ.

“ಏನು ಓದ್ತಿದೀಯಮ್ಮ?” ಎಂದರು ಅತ್ತೆ.

“ಜೆನೆಟಿಕ್ಸಲ್ಲಿ ಪಿಎಚ್‌ಡಿ ಮಾಡ್ತಿದೀನಿ ಅಜ್ಜಿ.”

“ಡಾಕ್ಟ್ರಾಗ್ತೀಯಾ ಅನ್ನು.” ಅಲ್ಲಿಗೆ ವಿಚಾರಣೆ ಮುಗಿಯಿತು. ಅದು ಯಾವುದರ ಜೆನೆಟಿಕ್ಸ್ ಎಂದು ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಒಂದು ಶನಿವಾರ. ಊಟಿಯ ಕಡೆಯಿಂದ ಬಸ್ಸಿಳಿದು ಬಂದವಳು ಕೈಯಲ್ಲೊಂದು ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. “ಆಂಟಿ, ನನ್ನ ಫ್ರಿಜ್ ಕೆಟ್ಟೋಗಿದೆ. ಲ್ಯಾಬ್ ಸೋಮವಾರದ ತನಕ ಕ್ಲೋಸು. ಇದನ್ನ ನಿಮ್ಮ ಫ್ರೀಜರಲ್ಲಿ ಎರಡು ದಿನ ಇಡ್ಲಾ?” ಏನಮ್ಮಾ ಅದು ಎಂದೆ. ದೇವರ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: “ಮೀನಿಂದು, ಆಂಟಿ. ಈಜುರೆಕ್ಕೆಯ ಚೂರು. ಒಂದೊಂದು ಉಗುರಿನಷ್ಟು, ಅಷ್ಟೇ. ಕತ್ತರಿಸ್ಕೊಂಡು ಮೀನನ್ನ ಜೀವಂತ ವಾಪಸ್ ಬಿಟ್ಬಿಡ್ತೀವಿ.” “ಸ್ಪಿರಿಟಲ್ಲಿ ನೆನೆಸಿದೀನಿ, ವಾಸನೆ ಬರಲ್ಲ” ಎಂದು ಸಮಾಧಾನವನ್ನೂ ಹೇಳಿದಳು. ಮೀನು ಸಾಲದೆಂದು ಹೆಂಡವೂ ಬಂತಲ್ಲಪ್ಪಾ ಎಂದುಕೊಂಡೆ. ಆದರೂ ಆ ಹುಡುಗಿಯ ಕೈ ನೋಡಿ ಇಲ್ಲವೆನ್ನಲಾಗಲಿಲ್ಲ. ತಣ್ಣೀರಿನಲ್ಲಿ ನಿಂತು ನಿಂತು ಬೆರಳುಗಳು ಒಣಗಿದ ನೆಲ್ಲಿಕಾಯಿಯಂತಾಗಿದ್ದವು. ಡಬ್ಬಿಯನ್ನು ಹಸಿ ಬಟಾಣಿಯ ಹಿಂದೆ ತಳ್ಳಿದೆ. ಅತ್ತೆಗೆ “ದೀಪಾಳ ಕಾಲೇಜಿನ ಔಷಧಿ” ಎಂದೆ.

ಆ ಸಂಜೆ ಕಾಫಿ ಕುಡಿಯುತ್ತ ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ತಣ್ಣನೆಯ ದೇಶಗಳಲ್ಲಿ ಸಾಲ್ಮನ್ ಎಂಬ ಮೀನಿದೆಯಲ್ಲ, ಅದು ಸಮುದ್ರವೆಲ್ಲ ಸುತ್ತಾಡಿ, ಮೊಟ್ಟೆಯಿಡುವ ಕಾಲಕ್ಕೆ ಹುಟ್ಟಿದ ಹೊಳೆಗೇ ಹಿಂತಿರುಗುತ್ತದಂತೆ. ಹೆರಿಗೆಗೆ ತವರಿಗೆ ಹೋದ ಹಾಗೆ! ಹಾಗಾಗಿ ಒಂದೊಂದು ಹೊಳೆಯವು ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿ, ನೋಡಲು ಒಂದೇ ತರಹ ಇದ್ದರೂ ಒಳಗೆ ಬೇರೆಬೇರೆ ಮನೆತನಗಳಾಗಿಬಿಟ್ಟಿರುತ್ತವೆ. ಅದರ ದಾಯಾದಿ ಟ್ರೌಟ್. ಬ್ರಿಟಿಷರು ತಮ್ಮ ಗಾಳದ ಚಟಕ್ಕಾಗಿ ತಂದು ನೀಲಗಿರಿಯ ಹೊಳೆಗಳಿಗೆ ಬಿಟ್ಟ ಮೀನು. ಹೀಗೆ ವಲಸೆ ಬಂದವು ಇಲ್ಲಿ ಹೊಳೆಹೊಳೆಗೂ ಬೇರೆಯಾಗಿವೆಯೇ ಎಂಬುದು ದೀಪಾಳ ಪ್ರಶ್ನೆ. ನಾಲ್ಕು ಹೊಳೆ, ಎರಡು ಚಳಿಗಾಲ, ಸೊಂಟದವರೆಗೆ ನೀರು. “ಆ ಡಬ್ಬೀಲಿರೋ ನಲವತ್ತೆಂಟು ಟ್ಯೂಬು, ಟ್ಯೂಬಿಗೊಂದು ಮೀನಿನ ಚೂರು, ಕೊನೇ ಕಂತು ಆಂಟಿ. ಇವಿಲ್ದೆ ಥೀಸಿಸ್ ಇಲ್ಲ” ಎಂದಳು.

ಮಾರನೆಯ ಬೆಳಿಗ್ಗೆ ದೀಪಾ ಗೆಳತಿಯ ಮನೆಗೆ ಹೋಗಿದ್ದಾಗ ಕರೆಂಟು ಹೋಯಿತು. ಹನ್ನೊಂದಾದರೂ ಬರಲಿಲ್ಲ. ಫ್ರೀಜರಿನಿಂದ ನೀರು ತೊಟ್ಟಿಕ್ಕತೊಡಗಿತು. ಒದ್ದೆ ಬಟ್ಟೆ ನನ್ನ ಕೈಗೆ ಹೇಗೆ ಬಂತೋ ನನಗೆ ತಿಳಿಯದು. ಬಟಾಣಿ ತೆಗೆದೆ, ಒರೆಸಿದೆ. ಡಬ್ಬಿ ತೆಗೆದೆ, ಮುಚ್ಚಳ ಜಾರಿ ಟ್ಯೂಬುಗಳೆಲ್ಲ ಕಟ್ಟೆಯ ಮೇಲೆ ಉರುಳಿದವು. ಒಂದರ ಬಾಯಿ ಬಿಚ್ಚಿ ಸ್ಪಿರಿಟ್ ಎಲ್ಲದರ ಮೇಲೂ ಚೆಲ್ಲಿತು. ಪಾಪ, ಗಲೀಜಾಯಿತಲ್ಲ ಎಂದು ಒಂದೊಂದನ್ನೂ ಮಗುವಿನ ಮೂತಿ ಒರೆಸುವಂತೆ ಒರೆಸಿ, ಸಾಲಾಗಿ ಜೋಡಿಸಿ, ತೃಪ್ತಿಯಿಂದ ಬಟ್ಟೆ ಹಿಂಡಿದೆ. ನೀಲಿ ನೀರು ಬಂತು. ಮುಚ್ಚಳಗಳನ್ನು ನೋಡಿದೆ. ಯಾವ ಹೊಳೆಯ ಯಾವ ಮೀನೆಂದು ದೀಪಾ ಮಾರ್ಕರಿನಲ್ಲಿ ಬರೆದ ಅಕ್ಷರ ಸ್ಪಿರಿಟ್ಟಿಗೆ ಕರಗಿ, ಒಂದರ ಮೇಲೂ ಇಲ್ಲ. ನಾಲ್ಕು ಹೊಳೆಯ ನಲವತ್ತೆಂಟು ಮೀನೂ ನನ್ನ ಕೈಯಲ್ಲಿ ಊರು ಕೇರಿ ಕಳೆದುಕೊಂಡಿದ್ದವು.

ಇನ್ನೊಂದಿದೆ. ಬಾಯಿ ಬಿಚ್ಚಿದ್ದ ಟ್ಯೂಬಿನ ಚೂರು ಸಿಂಕಿನ ತೂತಿನಲ್ಲಿ ಹೋಗೇಬಿಟ್ಟಿತ್ತು. ಖಾಲಿ ಟ್ಯೂಬು ನನ್ನನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಸಾರಿನ ಒಗ್ಗರಣೆಗೆ ಸುಲಿದ ಬೆಳ್ಳುಳ್ಳಿ. ಅದರ ಸಿಪ್ಪೆ ತೆಳ್ಳಗೆ, ಬೆಳ್ಳಗೆ, ಗೆರೆಗೆರೆಯಾಗಿ ಥೇಟು ಆ ಈಜುರೆಕ್ಕೆಯ ಹಾಗೆಯೇ ಇತ್ತು. ಉಗುರಿನಷ್ಟು ಕತ್ತರಿಸಿ ಟ್ಯೂಬಿಗೆ ಹಾಕಿದೆ, ಪಕ್ಕದ ಟ್ಯೂಬಿನಿಂದ ನಾಲ್ಕು ತೊಟ್ಟು ಸ್ಪಿರಿಟ್ಟನ್ನೂ ಎರವಲು ತಂದೆ. ಯಾಕೆ ಎಂದು ಕೇಳಬೇಡಿ. ಹಬ್ಬದ ದಿನ ಒಂದು ಹೋಳಿಗೆ ಕಡಿಮೆ ಬಿದ್ದರೆ ಚಪಾತಿ ಮಡಚಿಟ್ಟು ತಟ್ಟೆ ತುಂಬಿಸುವ ಹೆಂಗಸು ನಾನು.

ಸಂಜೆ ಬಂದ ದೀಪಾ ಡಬ್ಬಿ ತೆರೆದು ಅಲ್ಲೇ ನೆಲದ ಮೇಲೆ ಕೂತಳು. “ಒರೆಸಿದ್ರಾ ಆಂಟಿ?” ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. “ತಪ್ಪು ನಂದೇ. ಪೆನ್ಸಿಲಲ್ಲಿ ಬರೆದ ಚೀಟಿ ಒಳಗೆ ಹಾಕ್ಬೇಕಿತ್ತು. ಚಳಿಗೆ ಬೆರಳು ಬಗ್ಗಲಿಲ್ಲ” ಎಂದು ಕಣ್ಣೊರೆಸಿಕೊಂಡಳು. ನಾನೂ ಅತ್ತುಬಿಟ್ಟೆ; ಬೆಳ್ಳುಳ್ಳಿಯ ಮಾತು ಮಾತ್ರ ಎತ್ತಲಿಲ್ಲ. ಅಷ್ಟರಲ್ಲಿ ಪೂಜೆ ಮುಗಿಸಿ ಬಂದ ಅತ್ತೆಯವರಿಗೆ ಔಷಧಿಯ ಗುಟ್ಟು ರಟ್ಟಾಯಿತು. ಮನೆ ಖಾಲಿ ಮಾಡಿಸುತ್ತಾರೆಂದೇ ಅಂದುಕೊಂಡೆ.

“ತಿನ್ನಲ್ಲ, ಮುಟ್ಟಲ್ಲ. ಮತ್ತೆ ಮೀನಿನ ಕುಲಗೋತ್ರ ಕಟ್ಕೊಂಡು ನಿಂಗೇನಾಗ್ಬೇಕೇ?” ಎಂದರು.

“ಮನೆ ಕೇಳೋಕೆ ಬಂದಾಗ ನೀವು ನಂದು ಕೇಳಲಿಲ್ವಾ ಅಜ್ಜಿ? ಹಾಗೇ.”

“ಅವಕ್ಕೆ ಬಾಯಿದ್ದಿದ್ರೆ ಊರು ಯಾವ್ದು ಅಂತ ಹೇಳೋವು, ಪಾಪ” ಎಂದರು ಅತ್ತೆ. ದೀಪಾ ತಟ್ಟನೆ ತಲೆಯೆತ್ತಿದಳು. ಹೋದ ಚಳಿಗಾಲದ ಮೀನುಗಳ ಲೆಕ್ಕಾಚಾರ ಲ್ಯಾಬಿನಲ್ಲಿ ಆಗಲೇ ಆಗಿತ್ತು. ಯಾವ ಹೊಳೆಯ ಮನೆತನದ ಗುರುತು ಏನೆಂಬುದು ಗೊತ್ತಿತ್ತು. ಹೊಳೆಗಳು ನಿಜವಾಗಿಯೂ ಬೇರೆಯಾಗಿದ್ದರೆ, ಈ ಅನಾಥ ಚೂರುಗಳ ಡಿಎನ್‌ಎ ಓದಿದಾಗ ಅವೇ ತಮ್ಮ ಊರು ಹೇಳಬೇಕು. ಯಾವ ಮೀನು ಎಷ್ಟುದ್ದವಿತ್ತೆಂಬ ವಿವರ ಹೋಯಿತು, ನಿಜ. ಆದರೆ ಹೊಳೆ ಸಿಕ್ಕರೆ ಥೀಸಿಸ್ ಉಳಿಯುತ್ತದೆ. “ಅಜ್ಜಿ, ನೀವೇ ನನ್ನ ಗೈಡು” ಎಂದು ಅವರ ಕಾಲು ಹಿಡಿದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, “ಮೊದ್ಲು ಕೈ ತೊಳ್ಕೊಂಡು ಬಾ” ಎಂದರು.

ಒಂದು ತಿಂಗಳು ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಸಾರಿಗೆ ಇಂಗು ಮಾತ್ರ ಹಾಕಿದೆ. ಕೊನೆಗೊಂದು ಮಧ್ಯಾಹ್ನ ದೀಪಾ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದಳು. “ನಲವತ್ತೇಳೂ ಸಿಕ್ಬಿಟ್ವು ಆಂಟಿ! ಒಂದೊಂದೂ ತನ್ನ ಹೊಳೆಗೆ ಸರಿಯಾಗಿ ಹೋಗಿ ಕೂತಿದೆ.” ಆಮೇಲೆ ಮುಖ ಸಣ್ಣದಾಯಿತು. “ಒಂದ್ರಲ್ಲಿ ಮಾತ್ರ ಏನೂ ಬರ್ತಿಲ್ಲ. ಮೂರು ಸಲ ಮಾಡಿದೆ. ನನ್ನ ಕೈಯೇ ಸರಿಯಿಲ್ಲ ಅನ್ಸುತ್ತೆ.”

ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ಆದರೆ ಆ ನೆಲ್ಲಿಕಾಯಿ ಬೆರಳುಗಳನ್ನು ಅವಳೇ ಹಳಿಯುವುದನ್ನು ಕೇಳಲಾಗಲಿಲ್ಲ. “ನಿನ್ನ ಕೈ ಸರಿಯಾಗೇ ಇದೆ ಕಣೇ. ಅದು ಬೆಳ್ಳುಳ್ಳಿ” ಎಂದೆ. ಎಲ್ಲವನ್ನೂ ಹೇಳಿ, ಬಾಗಿಲ ಹಿಂದಿನ ಫೋನ್ ನಂಬರುಗಳನ್ನೂ ಹೇಳಿಬಿಟ್ಟೆ. ದೀಪಾ ನಕ್ಕಳು, ನಡುನಡುವೆ ಕೋಪ ಮಾಡಿಕೊಂಡು ಮತ್ತೆ ನಕ್ಕಳು. ಎಲ್ಲ ಕೇಳಿಸಿಕೊಳ್ಳುತ್ತ ಹೂಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: “ನಲವತ್ತೆಂಟರಲ್ಲಿ ನಮ್ಮನೇಲಿರೋಕೆ ಯೋಗ್ಯತೆ ಇದ್ದಿದ್ದು ಅದೊಂದಕ್ಕೇ.”

ಆ ಟ್ಯೂಬನ್ನು ಮರುದಿನ ದೀಪಾ ನನಗೇ ತಂದುಕೊಟ್ಟಳು. ಅಡುಗೆಮನೆಯ ಕಿಟಕಿಯಲ್ಲಿದೆ. ಒಳಗೊಂದು ಪುಟ್ಟ ಚೀಟಿ: ‘ಹೊಳೆ: ಇಟ್ಟಮಡು ಸಿಂಕು. ಹಿಡಿದವರು: ಗಿರಿಜಾ ಆಂಟಿ.’ ಬಂದವರೆಲ್ಲ ಓದಿ ನಗುತ್ತಾರೆ. ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಚೀಟಿಯನ್ನು ಹೊರಗೆ ತೆಗೆದು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ನೋಡಿದೆ. ಪೆನ್ಸಿಲಿನಲ್ಲಿ ಬರೆದಿದ್ದಾಳೆ, ಹೋಗಲಿಲ್ಲ.